ಚೀನೀಯರ ಮೌಲ್ಯಗಳು: ಹೊರಗಿನವರು ಕಂಡದ್ದು, ಒಳಗಿನವರು ಉಂಡದ್ದು

ಚೀನೀಯರ ಕುರಿತು ಎಲ್ಲೆಡೆ ಕೇಳಿಬರುವ ಮಾತು ಒಂದೇ ಬಗೆಯದು. ಅವರು ಹಿರಿಯರಿಗೆ ತಲೆಬಾಗುವವರು, ಶಿಸ್ತಿನವರು, ಕುಟುಂಬವನ್ನು ವ್ಯಕ್ತಿಗಿಂತ ಮೇಲಿಡುವವರು. ಇದೆಲ್ಲ ಎರಡೂವರೆ ಸಾವಿರ ವರ್ಷಗಳ ಹಿಂದೆ ಕನ್‌ಫ್ಯೂಷಿಯಸ್ ಹಾಕಿಕೊಟ್ಟ ಹಾದಿ. ಹೊಗಳುವವರೂ ಇದನ್ನೇ ಹೇಳುತ್ತಾರೆ, ತೆಗಳುವವರೂ ಇದನ್ನೇ ಹೇಳುತ್ತಾರೆ. ಆದರೆ ಈ ಮೌಲ್ಯಗಳ ಭಾರ ಹೊತ್ತವರು ಏನೆಂದರು ಎಂದು ವಿಚಾರಿಸಹೊರಟರೆ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ಇಲ್ಲಿ ನಾವು ಒಂದೇ ಮೌಲ್ಯವನ್ನು, ಚೀನೀ ಭಾಷೆಯಲ್ಲಿ 'ಷಿಯಾವ್' ಎನ್ನಲಾಗುವ ಮಾತಾಪಿತೃಸೇವೆಯನ್ನು ಮುಂದಿಟ್ಟುಕೊಂಡು ನೋಡೋಣ.

ಹಿಜರಿ 237ರಲ್ಲಿ, ಅಂದರೆ ಕ್ರಿ.ಶ. 851ರಲ್ಲಿ, ಅರಬ್ ವ್ಯಾಪಾರಿಗಳ ಅನುಭವಗಳನ್ನು ಆಧರಿಸಿದ 'ಅಖ್ಬಾರುಸ್ಸೀನ್ ವಲ್ ಹಿಂದ್' ಎಂಬ ಗ್ರಂಥ ಸಿದ್ಧವಾಯಿತು. ಇಂದಿನ ಗ್ವಾಂಗ್‌ಝೌ ಆಗಿರುವ ಖಾನ್‌ಫು ಬಂದರಿನಲ್ಲಿ ಮುಸ್ಲಿಮರ ವ್ಯಾಜ್ಯಗಳಿಗೆ ಚೀನಾದ ದೊರೆಯೇ ಒಬ್ಬ ಮುಸ್ಲಿಮ್ ನ್ಯಾಯಾಧೀಶನನ್ನು ನೇಮಿಸಿದ್ದನ್ನು ಅದು ದಾಖಲಿಸಿದೆ. ರೇಷ್ಮೆ, ಪಿಂಗಾಣಿ, ಬಿಸಿನೀರಿಗೆ ಹಾಕಿ ಕುಡಿಯುವ ಎಲೆ, ಹೀಗೆ ವ್ಯಾಪಾರಿಯ ಕಣ್ಣಿಗೆ ಬೀಳಬೇಕಾದದ್ದೆಲ್ಲ ಅಲ್ಲಿದೆ. ಬಡವ ಬಲ್ಲಿದರೆನ್ನದೆ ಎಲ್ಲ ಚೀನೀಯರೂ ಓದುಬರಹ ಕಲಿಯುತ್ತಾರೆಂದೂ ಬರೆಯಲಾಗಿದೆ. ಬಂದರಿನ ಗುಮಾಸ್ತರನ್ನು ಕಂಡು ಇಡೀ ದೇಶವನ್ನು ಅಳೆದದ್ದಿರಬೇಕು! ಸತ್ತವರಿಗಾಗಿ ಮೂರು ವರ್ಷ ಅಳುತ್ತಾರೆ, ಅಳದವರಿಗೆ ಕೋಲಿನ ಏಟು ಬೀಳುತ್ತದೆ ಎಂಬ ವಿವರವೂ ಇದೆ. ವ್ಯಾಪಾರಿಗೆ ಕೋಲು ಕಂಡಿತು, ಅದರ ಹಿಂದಿನ ವಾದ ಕಾಣಲಿಲ್ಲ. ಹುಟ್ಟಿದ ಮಗು ಮೂರು ವರ್ಷ ಹೆತ್ತವರ ತೋಳಿನಿಂದ ಇಳಿಯುವುದಿಲ್ಲ, ಆದ್ದರಿಂದ ಅವರಿಗಾಗಿ ಮೂರು ವರ್ಷ ಶೋಕ ಎಂದು ಕನ್‌ಫ್ಯೂಷಿಯಸ್ ವಾದಿಸಿದ್ದ. ಸ್ವಾರಸ್ಯವೆಂದರೆ, ಒಂದು ವರ್ಷ ಸಾಲದೇ ಎಂದು ಅವನ ಶಿಷ್ಯನೇ ಎದುರು ಕೇಳಿದ್ದ. ಅಂದರೆ ಒಳಗಿನವರ ತಕರಾರು ಗುರುವಿನ ಪದತಲದಲ್ಲಿಯೇ ಆರಂಭವಾಗಿತ್ತು.

ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡು ಬರೆದ ಇಬ್ನು ಬತೂತ 14ನೇ ಶತಮಾನದ ಮಧ್ಯದಲ್ಲಿ ಚೀನಾಕ್ಕೂ ಹೋದ. ಪ್ರಯಾಣಿಕರಿಗೆ ಇಷ್ಟು ಸುರಕ್ಷಿತವಾದ ನಾಡು ಬೇರಿಲ್ಲ ಎಂದು ಮೆಚ್ಚಿಕೊಂಡ. ಆದರೆ ಹೊರಗೆ ಕಾಲಿಟ್ಟರೆ ತನಗೆ ಒಪ್ಪಿಗೆಯಾಗದ ನೋಟಗಳೇ ಕಾಣುತ್ತವೆಂದು ನೊಂದು ಮನೆಯೊಳಗೇ ಹೆಚ್ಚು ಉಳಿದನಂತೆ. ಮನೆಯೊಳಗೆ ಕುಳಿತವನಿಂದ ಜನರ ಅಂತರಂಗದ ಪರಿಚಯವನ್ನು ನಿರೀಕ್ಷಿಸುವುದು ಹೇಗೆ?

ಅಂತರಂಗ ಪ್ರವೇಶಿಸಲು ನಿಜವಾಗಿ ಯತ್ನಿಸಿದವನು ಇಟಲಿಯ ಜೆಸ್ವಿಟ್ ಪಾದ್ರಿ ಮಾಟಿಯೊ ರಿಚಿ. 1582ರಲ್ಲಿ ಮಕಾವ್‌ಗೆ ಬಂದು, ಚೀನೀ ಕಲಿತು, 1595ರಿಂದ ಅಲ್ಲಿನ ವಿದ್ವಾಂಸರ ಉಡುಪನ್ನೇ ತೊಟ್ಟ. ಪೂರ್ವಜರ ಹೆಸರಿನ ಫಲಕದ ಮುಂದೆ ಬಾಗುವುದು ಪೂಜೆಯಲ್ಲ, ಗೌರವ ಸಲ್ಲಿಕೆ ಎಂಬುದು ಅವನ ತೀರ್ಮಾನವಾಗಿತ್ತು. ನಂತರ ಬಂದ ಡೊಮಿನಿಕನ್ ಮತ್ತು ಫ್ರಾನ್ಸಿಸ್ಕನ್ ಪಾದ್ರಿಗಳು ಇದು ಶುದ್ಧ ವಿಗ್ರಹಾರಾಧನೆ ಎಂದು ರೋಮ್‌ಗೆ ದೂರಿತ್ತರು. ರೋಮ್ 1645ರಲ್ಲಿ ನಿಷೇಧಿಸಿತು, 1656ರಲ್ಲಿ ಸಮ್ಮತಿಸಿತು, 1704ರಲ್ಲಿ ಮತ್ತೆ ನಿಷೇಧಿಸಿತು. 1700ರಲ್ಲಿ ಜೆಸ್ವಿಟರು ಸ್ವತಃ ಕಾಂಗ್‌ಶಿ ಚಕ್ರವರ್ತಿಯನ್ನೇ ಕೇಳಿದರು. ಇದು ಪೂಜೆಯಲ್ಲ, ಕೃತಜ್ಞತೆ ಎಂದು ಆತ ಉತ್ತರಿಸಿದ. ಆ ಉತ್ತರಕ್ಕೆ ರೋಮ್‌ನಲ್ಲಿ ಬೆಲೆ ಬರಲಿಲ್ಲ. 1706ರಲ್ಲಿ ಈ ಆಚರಣೆಗಳ ಕಟುವಿರೋಧಿ ಬಿಷಪ್ ಮೈಗ್ರೊನನ್ನು ಚಕ್ರವರ್ತಿ ಕರೆಸಿಕೊಂಡು, ಸಿಂಹಾಸನದ ಮೇಲೆ ಬರೆದಿದ್ದ ನಾಲ್ಕು ಅಕ್ಷರಗಳನ್ನು ಓದಲು ಹೇಳಿದ. ಪೂರ್ತಿ ಓದಲು ಅವನಿಂದಾಗಲಿಲ್ಲ. ಕೊನೆಗೆ 1721ರಲ್ಲಿ ಪೋಪರ ಆಜ್ಞೆಯ ಅನುವಾದವನ್ನು ಓದಿದ ಕಾಂಗ್‌ಶಿ, ಇವರ ಧರ್ಮಪ್ರಚಾರವೇ ಬೇಡವೆಂದು ಷರಾ ಬರೆದ. ಚರ್ಚ್ ತನ್ನ ನಿಲುವನ್ನು ಸಡಿಲಿಸಿದ್ದು 1939ರಲ್ಲಿ.

ಇದೇ ಕಾಲದಲ್ಲಿ, ರೋಮ್‌ನ ಅಪ್ಪಣೆಗೆ ಕಾಯಬೇಕಿಲ್ಲದ ಇನ್ನೊಂದು ಸಮುದಾಯ ಇದೇ ಪ್ರಶ್ನೆಗೆ ಸದ್ದಿಲ್ಲದೆ ಉತ್ತರ ಕಂಡುಕೊಳ್ಳುತ್ತಿತ್ತು. ಅವರು ಹುಯಿ ಮುಸ್ಲಿಮರು. ಮನೆಮಾತು ಚೀನೀ, ವಿದ್ಯೆ ಕನ್‌ಫ್ಯೂಷಿಯಸನದ್ದು, ವಿಶ್ವಾಸ ಇಸ್ಲಾಮ್. ಅವರನ್ನು ಹೊರಗಿನವರೆನ್ನಬೇಕೇ, ಒಳಗಿನವರೆನ್ನಬೇಕೇ? 1642ರಲ್ಲಿ ವಾಂಗ್ ದೈಯು ಅವರು ಚೀನೀ ಭಾಷೆಯಲ್ಲಿ ಇಸ್ಲಾಮನ್ನು ವಿವರಿಸುವ ಗ್ರಂಥ ಪ್ರಕಟಿಸಿದರು. ನಾನ್‌ಜಿಂಗ್‌ನ ಲಿಯು ಝಿ ಅವರು 1710ರ ಸುಮಾರಿಗೆ ಬರೆದ 'ತಿಯನ್‌ಫಾಂಗ್ ದಿಯನ್‌ಲಿ'ಯಲ್ಲಿ ಇಸ್ಲಾಮಿನ ಐದು ಕರ್ಮಗಳ ಜೊತೆಗೆ ಕನ್‌ಫ್ಯೂಷಿಯಸ್ ಪರಂಪರೆಯ ಐದು ಸಂಬಂಧಗಳನ್ನೂ ಇಟ್ಟರು. ಆದರೆ ಯಥಾವತ್ತಾಗಿ ಅಲ್ಲ. ಪರಂಪರೆಯಲ್ಲಿ ತಂದೆ-ಮಗ ಮೊದಲು ಬಂದರೆ, ಲಿಯು ಝಿ ಗಂಡ-ಹೆಂಡತಿಯನ್ನು ಮೊದಲಿಟ್ಟರು. ಹುಯಿಗಳು ಹಿರಿಯರ ಗೋರಿಯನ್ನು ಮರೆಯಲಿಲ್ಲ, ಅಲ್ಲಿ ಕುರ್‌ಆನ್ ಪಠಿಸಿದರು. ನಮ್ಮ ದೃಷ್ಟಿಯಲ್ಲಿ ಇದು ಯಾರೋ ಹೇರಿದ ರಾಜಿಯಲ್ಲ, ಮನೆಯವರೇ ಮನೆಯನ್ನು ಸರಿಪಡಿಸಿಕೊಂಡ ಪರಿ. ಆದರೆ ಅದೇ ಶತಮಾನದಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿಯ ಮಹಾ ಗ್ರಂಥಸೂಚಿಯ ಸಂಪಾದಕರು ಲಿಯು ಝಿಯವರ ಭಾಷೆ ಸೊಗಸಾಗಿದೆಯೆಂದು ಒಪ್ಪಿ, ಬುಡವೇ ತಪ್ಪಾದ ಮೇಲೆ ಅಲಂಕಾರದಿಂದೇನು ಎಂದು ತಳ್ಳಿಹಾಕಿದರು.

ಒಳಗಿನವರ ಕಹಿಯನ್ನು ಬಲ್ಲವರು ಲೂ ಶುನ್ ಅವರನ್ನು ಓದಿರುತ್ತಾರೆ. ಮಾತಾಪಿತೃಸೇವೆಯ ಇಪ್ಪತ್ತನಾಲ್ಕು ಮಾದರಿ ಕಥೆಗಳ ಸಚಿತ್ರ ಪುಸ್ತಕವೊಂದು ಚೀನೀ ಮನೆಮನೆಗಳಲ್ಲಿರುತ್ತಿತ್ತು. ಅದರಲ್ಲೊಂದು ಗುವೊ ಜು ಎಂಬ ಬಡವನದು. ಮುದಿತಾಯಿ ತನ್ನ ಪಾಲಿನ ಅನ್ನವನ್ನು ಮೊಮ್ಮಗನಿಗೆ ಕೊಡುತ್ತಿದ್ದಳು. ತಾಯಿಯ ಹಸಿವನ್ನು ನೀಗಿಸಲು ಗುವೊ ಜು ಮೂರು ವರ್ಷದ ಆ ಮಗುವನ್ನೇ ಹೂಳಲು ಗುಂಡಿ ತೋಡುತ್ತಾನೆ, ಗುಂಡಿಯಲ್ಲಿ ಬಂಗಾರ ಸಿಕ್ಕಿ ಮಗು ಉಳಿಯುತ್ತದೆ. ಲೂ ಶುನ್ 1926ರ ಪ್ರಬಂಧದಲ್ಲಿ ಬಾಲ್ಯವನ್ನು ನೆನೆಯುತ್ತಾರೆ: ಮನೆಯಲ್ಲಿ ಬಡತನದ ಮಾತು ಕೇಳಿಬಂದಾಗಲೆಲ್ಲ, ಎಲ್ಲಿ ತಂದೆ ಮಾದರಿ ಮಗನಾಗಿಬಿಡುತ್ತಾನೋ ಎಂದು ಆ ಬಾಲಕ ನಡುಗುತ್ತಿದ್ದ. ಅಜ್ಜಿಯ ನರೆತ ಕೂದಲು ಕಂಡರೂ ಅವನಿಗೆ ಭಯ. ಯಾವ ಪ್ರವಾಸಿಯ ಪುಸ್ತಕದಲ್ಲೂ ಈ ಮಗುವಿನ ಭಯ ನಮಗೆ ಕಾಣಲಿಲ್ಲ. ಆದರೂ ಲೂ ಶುನ್ ಹೊರಗಿನವರನ್ನು ಧಿಕ್ಕರಿಸಲಿಲ್ಲ. ಚೀನೀಯರ ಗುಣಾವಗುಣಗಳನ್ನು ಕುರಿತು ಅಮೆರಿಕದ ಮಿಷನರಿ ಆರ್ಥರ್ ಸ್ಮಿತ್ ಬರೆದ ಒರಟು ಪುಸ್ತಕವನ್ನು ಯಾರಾದರೂ ಅನುವಾದಿಸಲಿ, ಸರಿಯೋ ತಪ್ಪೋ ನಾವೇ ಪರೀಕ್ಷಿಸಿಕೊಳ್ಳೋಣ ಎಂಬುದು 1936ರಲ್ಲಿ, ಸಾವಿಗೆ ಸ್ವಲ್ಪ ಮುಂಚೆ, ಅವರ ಆಶಯವಾಗಿತ್ತು.

ಮುಂದಿನದು ಗೊತ್ತಿರುವುದೇ. 1966ರಲ್ಲಿ ರೆಡ್ ಗಾರ್ಡ್‌ಗಳು ಚುಫುವಿನಲ್ಲಿ ಕನ್‌ಫ್ಯೂಷಿಯಸನ ಸಮಾಧಿಯನ್ನೇ ಒಡೆದರು. 2004ರಿಂದ ಅದೇ ಸರಕಾರ ಅವನ ಹೆಸರಿನಲ್ಲಿ ದೇಶದೇಶಗಳಲ್ಲಿ ಸಂಸ್ಥೆಗಳನ್ನು ತೆರೆಯಿತು. ಒಂದೇ ಮಗುವಿನ ನೀತಿಯಿಂದ ಮನೆಯಲ್ಲಿ ಒಬ್ಬನೇ ಉಳಿದ ಮಗ ದುಡಿಮೆಗೆ ದೂರದ ನಗರ ಸೇರಿದ ಮೇಲೆ, ಮಕ್ಕಳು ಹಿರಿಯರನ್ನು ಆಗಾಗ ಹೋಗಿ ನೋಡಬೇಕೆಂಬ ಕಾನೂನು 2013ರ ಜುಲೈ 1ರಂದು ಜಾರಿಗೆ ಬಂತು. ಎಲ್ಲರ ರಕ್ತದಲ್ಲೇ ಇದೆಯೆನ್ನಲಾದ ಗುಣಕ್ಕೆ ಕಾಯ್ದೆ ಏಕೆ ಬೇಕಾಯಿತೋ!

ಇತ್ತ 2018ರಿಂದ 'ಇಸ್ಲಾಮಿನ ಚೀನೀಕರಣ' ಎಂಬ ಯೋಜನೆ ನಡೆದಿದೆ. ಮದೀನಾದ ಪ್ರವಾದಿ ಮಸೀದಿಯ ಮಾದರಿಯಲ್ಲಿ ಕಟ್ಟಿದ್ದ ಯುನ್ನಾನಿನ ಶಾದಿಯನ್ ಮಸೀದಿಯ ಗುಮ್ಮಟ 2024ರ ಹೊತ್ತಿಗೆ ಮಾಯವಾಗಿತ್ತು. ಈ ಚೀನೀಕರಣಕ್ಕೆ ಅಧಿಕಾರಿಗಳು ಮಾದರಿಯಾಗಿ ತೋರಿಸುವುದು ವಾಂಗ್ ದೈಯು, ಲಿಯು ಝಿಯವರ ಗ್ರಂಥಗಳನ್ನೇ. ಆದರೆ ವಾಂಗ್ ದೈಯು ಮನುಷ್ಯನ ಮೂರು ಮಹಾ ಕರ್ತವ್ಯಗಳನ್ನು ಎಣಿಸುವಾಗ ಸೃಷ್ಟಿಕರ್ತನಿಗೆ ವಿಧೇಯತೆಯನ್ನು ಮೊದಲಿಡುತ್ತಾರೆ. ದೊರೆಗೆ ವಿಧೇಯತೆ ಎರಡನೆಯದು, ಹೆತ್ತವರಿಗೆ ಮೂರನೆಯದು.