ಮಿದುಳಿನ ರಕ್ತನಾಳ ಮತ್ತು ವಿಕಿರಣ: ಒಂದು ಚಿಕ್ಕ ಇತಿಹಾಸ

ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೀಮೆಯ ಹಳ್ಳಿಗಳಲ್ಲಿ ಹರೆಯದ ಹುಡುಗನೊಬ್ಬ ತಲೆನೋವೆಂದು ನರಳಿ, ಫಿಟ್ಸ್ ಬಂದು ಬಿದ್ದರೆ 'ಗಾಳಿ ಸೋಕಿದೆ' ಎನ್ನುತ್ತಿದ್ದ ಕಾಲವಿತ್ತು. ಮೊದಲು ತಾಯತ, ಆಮೇಲೆ ಮೈಸೂರಿನ ದೊಡ್ಡಾಸ್ಪತ್ರೆ. ಅಂಥ ಕೆಲವರಿಗೆ ಇದ್ದದ್ದು ಮಿದುಳಿನ ರಕ್ತನಾಳಗಳು ಸಿಕ್ಕುಬಿದ್ದು ಆದ ಗಂಟು.

ತರಗತಿಯಲ್ಲಿ ಕಲಿತದ್ದನ್ನು ನೆನೆಯೋಣ. ಅಪಧಮನಿಯ ರಕ್ತ ಲೋಮನಾಳಗಳನ್ನು ದಾಟಿ, ವೇಗ ತಗ್ಗಿ, ಅಭಿಧಮನಿ ಸೇರಬೇಕು. ಈ ಗಂಟಿನಲ್ಲಿ ಲೋಮನಾಳಗಳೇ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ತೂಬು, ಕಿರುಗಾಲುವೆ ಯಾವುದೂ ಇಲ್ಲದೆ ನೇರ ಹಳ್ಳಕ್ಕೆ ನುಗ್ಗಿದ ಹಾಗೆ. ಇಂಥ ನೂರು ಜನರಲ್ಲಿ ವರ್ಷಕ್ಕೆ ಸುಮಾರು 2ರಿಂದ 4 ಮಂದಿಗೆ ನಾಳ ಒಡೆದು ಮಿದುಳಿನೊಳಗೆ ರಕ್ತಸ್ರಾವವಾಗುತ್ತದೆ.

1895ರಲ್ಲಿ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದ ಮೇಲೆ ವಿಕಿರಣದಿಂದ ಚರ್ಮ, ರಕ್ತನಾಳಗಳು ಕೆಡುವುದು ವೈದ್ಯರ ಗಮನಕ್ಕೆ ಬಂತು. ಈ ಕೇಡನ್ನೇ ಮದ್ದಾಗಿಸುವ ದಾರಿ ತೋರಿದವರು ಸ್ವೀಡನ್ನಿನ ಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್. ಬುರುಡೆ ತೆರೆಯದೆ ವಿಕಿರಣದಿಂದಲೇ ಶಸ್ತ್ರಕ್ರಿಯೆ ಮಾಡಬಹುದೆಂದು ಅವರು 1951ರಲ್ಲಿ ಸೂಚಿಸಿದರು. 1968ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ 'ಗಾಮಾ ನೈಫ್' ಯಂತ್ರ ಬಂತು. 1970ರಲ್ಲಿ ಅದರಿಂದ ರಕ್ತನಾಳದ ಗಂಟಿಗೆ ಚಿಕಿತ್ಸೆ ಕೊಟ್ಟರು. ಹೆಸರಿಗೆ ಚಾಕು, ಕೊಯ್ಯುವುದೇನೂ ಇಲ್ಲ. ಮುಂದೆ ಬಂದ ಮಾದರಿಯಲ್ಲಿ 201 ಕೋಬಾಲ್ಟ್ ಮೂಲಗಳಿದ್ದವು. ಒಂದೊಂದು ಕಿರಣವೂ ದುರ್ಬಲ. ಎಲ್ಲವೂ ಕೂಡುವ ಬಿಂದುವಿನಲ್ಲಿ ಮಾತ್ರ ಪ್ರಬಲ.

ನಮ್ಮ ನಾಡಿನಲ್ಲಿ ಇದಕ್ಕೆ ನೆಲ ಹಸನಾದದ್ದು ಬೆಂಗಳೂರಿನಲ್ಲಿ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1958ರಿಂದ ಡಾ. ಆರ್. ಮಾರ್ತಾಂಡ ವರ್ಮ ಅವರು ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಈ ಶತಮಾನದ ಮೊದಲ ದಶಕದಲ್ಲಿ ಗಾಮಾ ನೈಫ್ ಕೂಡ ಅಲ್ಲಿಗೆ ಬಂತು.

ಇಲ್ಲೊಂದು ಮಾತನ್ನು ಊರಿನವರು ಮನಸ್ಸಿನಲ್ಲಿಡಬೇಕು. ವಿಕಿರಣ ಕೊಟ್ಟ ದಿನವೇ ಗಂಟು ಮುಚ್ಚುವುದಿಲ್ಲ. ನಾಳದ ಒಳಪದರ ಗಾಸಿಗೊಂಡು, ಗೋಡೆ ದಪ್ಪವಾಗುತ್ತಾ, ಹೂಳು ತುಂಬಿದ ಕಾಲುವೆಯಂತೆ ದಾರಿ ಮುಚ್ಚಲು ಎರಡು ಮೂರು ವರ್ಷ ಬೇಕು. ಸಣ್ಣ ಗಂಟುಗಳಲ್ಲಿ ಹತ್ತಕ್ಕೆ ಏಳೆಂಟು ಹೀಗೆ ಮುಚ್ಚುತ್ತವೆ. ಪೂರ್ತಿ ಮುಚ್ಚುವವರೆಗೆ ರಕ್ತಸ್ರಾವದ ಅಪಾಯ ಇದ್ದೇ ಇರುತ್ತದೆ. ಕೆಲವರಿಗೆ ಸುತ್ತಲಿನ ಮಿದುಳು ಊದಿಕೊಳ್ಳುವುದೂ ಉಂಟು. 'ವಾಸಿಯಾಯಿತು, ಕಬ್ಬು ಕಡಿಯುವ ಕಾಲ, ಬಸ್ ಚಾರ್ಜು ಯಾಕೆ ದಂಡ' ಎಂದು ಮರುತಪಾಸಣೆ ಬಿಟ್ಟರೆ, ಅಷ್ಟು ದೂರ ಹೋಗಿ ಪಡೆದ ಚಿಕಿತ್ಸೆ ಅರ್ಧಕ್ಕೇ ನಿಂತಂತೆ.

ಗಾಮಾ ನೈಫ್ ಸರಿಸುಮಾರು ನಮ್ಮ ಶಾಲೆಯ ಓರಗೆಯದು. ಈ ಐವತ್ತು ವರ್ಷಗಳಲ್ಲಿ ತಾಯತದಿಂದ ಸ್ಕ್ಯಾನಿಂಗ್‌ವರೆಗೆ ನಮ್ಮ ಊರುಗಳು ನಡೆದು ಬಂದಿವೆ. ಇಲ್ಲಿ ಓದಿದ ನಾವು, ಅಕ್ಕಪಕ್ಕದ ಮನೆಯವರ ಆಸ್ಪತ್ರೆ ಚೀಟಿಯನ್ನು ಓದಿ, ಮುಂದಿನ ತಪಾಸಣೆಯ ತಾರೀಕನ್ನು ನೆನಪಿಸಿದರೆ, ಕಲಿತ ವಿದ್ಯೆ ಊರಿಗೆ ಸಂದಂತೆ.