ಊರು ಬೆಳೆದ ಬಗೆಯೇ ಓಟದ ಬೆಲೆ

ನಕ್ಷೆ, ದಿಕ್ಸೂಚಿ ಹಿಡಿದು ಗುರಿಯಿಂದ ಗುರಿಗೆ ದಾರಿ ಹುಡುಕುತ್ತ ಓಡುವ ಓರಿಯಂಟೀರಿಂಗ್ ಬೆಳೆದದ್ದು ಸ್ಕ್ಯಾಂಡಿನೇವಿಯಾದ ಕಾಡುಗಳಲ್ಲಿ. 1897ರಲ್ಲಿ ಓಸ್ಲೊ ಬಳಿ ಸಾರ್ವಜನಿಕ ಸ್ಪರ್ಧೆಯೊಂದು ನಡೆದಿತ್ತು. ಹೆಚ್ಚಾಗಿ ಊರೊಳಗೇ ಓಡುವ, ಕಿರು ಅವಧಿಯ ಸ್ಪ್ರಿಂಟ್ ವಿಶ್ವ ಚಾಂಪಿಯನ್‌ಷಿಪ್‌ಗೆ ಸೇರಿದ್ದು 2001ರಲ್ಲಿ. ಈಗ ನಗರದ ಓಟಗಳು ಹಲವಾರಿವೆ. ದುಡ್ಡು, ರಜೆ ವ್ಯಯಿಸಿ ಯಾವುದಕ್ಕೆ ಹೋಗಬೇಕು? ಸ್ಪರ್ಧೆಯ ಹೆಸರಿಗಿಂತ ಆ ಊರು ಬೆಳೆದ ಬಗೆಯನ್ನು ನೋಡಿ ಆರಿಸಬೇಕು ಎಂಬುದು ನನ್ನ ವಾದ. ವೆನಿಸ್‌ನ ದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳು ಬೆಸೆದಿವೆ. ಆದರೆ ಗ್ರ್ಯಾಂಡ್ ಕಾಲುವೆಯ ಮೇಲಿರುವುದು ನಾಲ್ಕೇ. ಜನ, ಸರಕು ದೋಣಿಯಲ್ಲಿ ಸಾಗುತ್ತಿದ್ದ ಊರಾದ್ದರಿಂದ ಎಷ್ಟೋ ಓಣಿಗಳು ನೀರಿನಂಚಿಗೆ ಬಂದು ಮುಗಿದುಬಿಡುತ್ತವೆ. ಕಣ್ಣೆದುರಿನ ಗುರಿಗೆ ಬೆನ್ನು ಹಾಕಿ ಸುತ್ತಿ ಬರಬೇಕಾದ ಇಂಥಲ್ಲಿ ಕಾಲಿಗಿಂತ ತಲೆಗೇ ಹೆಚ್ಚು ಕೆಲಸ. 2014ರ ವಿಶ್ವ ಸ್ಪ್ರಿಂಟ್ ಫೈನಲ್ ಅಲ್ಲಿಯೇ ನಡೆಯಿತು.

ತಾತ್ಕಾಲಿಕ ಬೇಲಿ ಹಾಕಿದರೆ ಯಾವ ಬಡಾವಣೆಯನ್ನಾದರೂ ಕಗ್ಗಂಟಾಗಿಸಬಹುದಲ್ಲ ಎಂಬ ಆಕ್ಷೇಪವಿದೆ. ಬೇಲಿಯಿಂದ ದಾರಿ ಮುಚ್ಚಬಹುದು, ಎತ್ತರ ತಗ್ಗುಗಳನ್ನು ಹುಟ್ಟಿಸಲಾಗದು. 2024ರ ವಿಶ್ವ ಸ್ಪ್ರಿಂಟ್ ಸ್ಪರ್ಧೆಗಳಿಗೆ ಆತಿಥ್ಯ ನೀಡಿದ ಎಡಿನ್‌ಬರೊದಲ್ಲೇ ತಾನಾಗಿ ಬೆಳೆದದ್ದು, ಯೋಜಿಸಿ ಕಟ್ಟಿದ್ದು ಎಂಬ ಎರಡೂ ಮಾದರಿಗಳಿವೆ. ಹಳೆಯ ಪೇಟೆ ಬಂಡೆಯ ಏಣಿನ ಮೇಲಿದೆ. ಮುಖ್ಯ ಬೀದಿಯ ಎರಡೂ ಬದಿಗೆ ಕಿರಿದಾದ ಓಣಿಗಳು, ಮೆಟ್ಟಿಲುಗಳು ಇಳಿಯುತ್ತವೆ, ಒಂದು ರಸ್ತೆಯ ಮೇಲೆ ಇನ್ನೊಂದು ಹಾಯುತ್ತದೆ. ವಾಸ್ತುಶಿಲ್ಪಿ ಜೇಮ್ಸ್ ಕ್ರೇಗ್‌ನ 1767ರ ಯೋಜನೆಯಂತೆ ಎದ್ದ ಹೊಸ ಪೇಟೆಯಾದರೋ ನೇರ ರಸ್ತೆಗಳ ಚೌಕಟ್ಟು. ವಾಸಕ್ಕೆ ಸೊಗಸು, ಓಟಗಾರನಿಗೆ ಮಾತ್ರ ಸಪ್ಪೆ. ಹಳೆಯ ಊರುಗಳಲ್ಲಿ ಪ್ರವಾಸಿಗರ ನೂಕುನುಗ್ಗಲು ಎನ್ನುವುದೂ ಸುಳ್ಳಲ್ಲ. ಹಾಗಿದ್ದರೆ ಅಷ್ಟು ಹೆಸರಾಗದ, ಅಷ್ಟೇ ಹಳೆಯ ಸಣ್ಣ ಊರನ್ನು ಆರಿಸಿಕೊಳ್ಳಿ. ಹೆಸರು ನೋಂದಾಯಿಸುವ ಮುನ್ನ ಅದರ ನಕ್ಷೆಯನ್ನು ಬಿಡಿಸಿ ನೋಡಿ. ಬರೀ ನೇರ ರಸ್ತೆಗಳೇ ಕಂಡರೆ ಟಿಕೆಟ್ ಕೊಳ್ಳಬೇಡಿ.