ಕುಲದ ಹೆಮ್ಮೆ, ಶಿಲುಬೆಯ ಹೆಮ್ಮೆ



ಕೃಷ್ಣೆ ಮತ್ತು ಘಟಪ್ರಭೆಯರು ಹರಿಯುವ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಕಥೋಲಿಕ ಕುಟುಂಬಗಳ ಸಂಖ್ಯೆ ಬಹು ಕಡಿಮೆ. ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1953ರಲ್ಲಿ. ಹೀಗಾಗಿ ಈ ಭಾಗದ ಧರ್ಮಸಭೆಯ ಇತಿಹಾಸ ತೀರ ಇತ್ತೀಚಿನದು ಎಂದು ನಾವು ಭಾವಿಸುವುದು ಸಹಜ. ಆದರೆ ಅದಕ್ಕೂ ಮುನ್ನೂರು ವರ್ಷಗಳಿಗೆ ಹಿಂದೆ, 1637ರಲ್ಲಿಯೇ, ರೋಮ್ ನಗರವು ಈ ನೆಲವನ್ನೊಳಗೊಂಡ ರಾಜ್ಯಕ್ಕೆ ಒಬ್ಬ ಧರ್ಮಾಧ್ಯಕ್ಷರನ್ನು ನೇಮಿಸಿತ್ತು. ಅವರು ಯೂರೋಪಿನವರಲ್ಲ, ನಮ್ಮ ದೇಶದವರೇ. ಅವರ ಹೆಸರು ಮಾತ್ತೆಯೋ ದೆ ಕಾಸ್ತ್ರೊ.

ಆಗ ಈ ಪ್ರದೇಶವೆಲ್ಲ ಬಿಜಾಪುರದ ಆದಿಲಶಾಹಿ ಆಳ್ವಿಕೆಗೆ ಒಳಪಟ್ಟಿತ್ತು. ಮುಧೋಳದ ಘೋರ್ಪಡೆ ಮನೆತನದವರು ಆ ದರಬಾರಿನ ಸರದಾರರಾಗಿದ್ದರು. ಗೋಳಗುಮ್ಮಟವನ್ನು ಕಟ್ಟಿಸಿದ ಮುಹಮ್ಮದ್ ಆದಿಲಶಾಹನೇ ಆಗಿನ ಸುಲ್ತಾನ. ಪೋರ್ಚುಗೀಸರು ಬಿಜಾಪುರದ ಅರಸರನ್ನು ‘ಇದಲ್ಕಾನ್’ ಎಂದು, ಅಂದರೆ ಆದಿಲಖಾನ್ ಎಂದು, ಕರೆಯುತ್ತಿದ್ದರು. ದೆ ಕಾಸ್ತ್ರೊ ಅವರ ಅಧಿಕಾರಕ್ಷೇತ್ರಕ್ಕೂ ಅದೇ ಹೆಸರು ಬಂತು. ಲ್ಯಾಟಿನ್ ಕ್ರಮದಲ್ಲಿ ಧರ್ಮಾಧ್ಯಕ್ಷ ದೀಕ್ಷೆ ಪಡೆದ ಮೊದಲ ಭಾರತೀಯರ ಪದವಿಯಲ್ಲಿ ಹೀಗೆ ನಮ್ಮ ನಾಡಿನ ಅರಸು ಮನೆತನದ ಹೆಸರು ಸೇರಿಕೊಂಡಿತು.

ಗೋವೆಯ ದಿವಾಡಿ ದ್ವೀಪದಲ್ಲಿ, ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದಲ್ಲಿ ಅವರು ಹುಟ್ಟಿದರು. ಗುರುವಾಗಬೇಕೆಂಬುದು ಅವರ ಹಂಬಲ. ಆದರೆ ಪೋರ್ಚುಗೀಸರ ಗೋವೆಯಲ್ಲಿ ಅವರಿಗೆ ಗುರುದೀಕ್ಷೆ ದೊರೆಯಲಿಲ್ಲ. ಅವರು ಎದೆಗುಂದದೆ ಬಹುದೂರದ ರೋಮಿಗೆ ಪಯಣಿಸಿದರು. ಅಲ್ಲಿ 1622ರಲ್ಲಿ ಸ್ಥಾಪನೆಯಾಗಿದ್ದ ವಿಶ್ವಾಸ ಪ್ರಸಾರ ಪರಿಷತ್ತು, ಆಯಾ ದೇಶದವರೇ ತಮ್ಮ ಜನರಿಗೆ ಗುರುಗಳಾಗಬೇಕೆಂದು ಬಯಸಿತ್ತು. ಗೋವೆ ಮುಚ್ಚಿದ ಬಾಗಿಲನ್ನು ರೋಮ್ ತೆರೆಯಿತು. ಅವರು ವ್ಯಾಸಂಗ ಮುಗಿಸಿ ಗುರುಗಳಾದರು, ಮುಂದೆ ಧರ್ಮಾಧ್ಯಕ್ಷರೂ ಆದರು. ಪೋಪರ ನೇರ ಪ್ರತಿನಿಧಿಯಾಗಿ ಮರಳಿ, ಅಂದು ಬಿಜಾಪುರದ ಆಡಳಿತದಲ್ಲಿದ್ದ ಡಿಚೋಲಿಯಲ್ಲಿ ನೆಲೆಸಿದರು.

ಪ್ರಿಯರೇ, ಈ ಕಥೆ ಇಲ್ಲಿಗೇ ನಿಂತಿದ್ದರೆ ನಾವು ಹೆಮ್ಮೆಪಟ್ಟು ಸುಮ್ಮನಾಗಬಹುದಿತ್ತು. ಗೋವೆಯ ಅಧಿಕಾರಿಗಳು ಅವರ ಅಧಿಕಾರವನ್ನು ಒಪ್ಪಲಿಲ್ಲ. ಅವಮಾನ ಬೆಳೆಯಿತು, ಕಹಿ ಬಲಿಯಿತು. 1653ರಲ್ಲಿ ಅವರು ‘ಬ್ರಾಹ್ಮಣರ ಕನ್ನಡಿ’ ಎಂಬ ಬರಹವೊಂದನ್ನು ಬರೆದು, ಗೋವೆಯ ಬ್ರಾಹ್ಮಣ ಕ್ರೈಸ್ತರನ್ನು ಪೋರ್ಚುಗೀಸರ ವಿರುದ್ಧ ಎಚ್ಚರಿಸಲು ಯತ್ನಿಸಿದರು. ಅವರಿಗಾದ ಅನ್ಯಾಯ ನಿಜ. ಆದರೆ ಆ ಅನ್ಯಾಯಕ್ಕೆ ಉತ್ತರವಾಗಿ ಅವರು ಹಿಡಿದ ಕನ್ನಡಿ ಯಾವುದು? ತಮ್ಮ ಕುಲದ ಕನ್ನಡಿ. ಹುಟ್ಟಿನ ಕಾರಣದಿಂದ ತುಳಿಯಲ್ಪಟ್ಟವರೇ ಹುಟ್ಟಿನ ಹಿರಿಮೆಯನ್ನು ಆಶ್ರಯಿಸಿದರು. ಅವರು ಕೊನೆಯುಸಿರೆಳೆದದ್ದು ದೂರದ ರೋಮಿನಲ್ಲಿ.

ಅವರ ಮುಂದಿನ ತಲೆಮಾರಿನಲ್ಲಿ, ಅದೇ ಗೋವೆಯ, ಅಂಥದೇ ಮನೆತನದ ಇನ್ನೊಬ್ಬರು ನಮ್ಮ ನಾಡಿಗೆ ಬಂದರು. ಅವರೇ 1651ರಲ್ಲಿ ಬಾಣಾವಲಿಯಲ್ಲಿ ಜನಿಸಿದ ಸಂತ ಜೋಸೆಫ್ ವಾಜ್. 1677ರಲ್ಲಿ ಅವರು ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಘೋಷಿಸಿ ಪತ್ರ ಬರೆದುಕೊಟ್ಟರು. 1681ರಲ್ಲಿ ಕೆನರಾ ಪ್ರದೇಶಕ್ಕೆ ಬಂದಾಗ, ಅಲ್ಲಿ ಧರ್ಮಾಧ್ಯಕ್ಷರಾಗಿದ್ದವರು ಮಾತ್ತೆಯೋ ಅವರ ಸೋದರ ಸಂಬಂಧಿಯೇ ಆದ ತೋಮಸ್ ದೆ ಕಾಸ್ತ್ರೊ. ರೋಮ್ ಕೊಟ್ಟ ಅಧಿಕಾರವೋ ಗೋವೆಯ ಅಧಿಕಾರವೋ ಎಂಬ ಹಳೆಯ ಜಗಳ ಅಲ್ಲಿಯೂ ಭಕ್ತರನ್ನು ಒಡೆದಿತ್ತು. ಗೋವೆಯಿಂದ ಬಂದಿದ್ದ ವಾಜ್ ಅವರು ಜಗಳಕ್ಕೆ ತುಪ್ಪ ಸುರಿಯದೆ ಸಮಾಧಾನದ ದಾರಿ ಹುಡುಕಿದರು. 1687ರಲ್ಲಿ ಸಿಂಹಳಕ್ಕೆ ಹೊರಟಾಗ ಅವರು ತೊಟ್ಟದ್ದು ಕೂಲಿಯವನ ಬಟ್ಟೆಯನ್ನು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಬಂಧುಗಳೇ ರೋಗಿಗಳನ್ನು ತೊರೆದು ಹೋದಾಗ, ಇವರು ಅವರ ಬಳಿ ಕುಳಿತು ಆರೈಕೆ ಮಾಡಿದರು. ರೋಗಿಯ ಕುಲವನ್ನಾಗಲಿ ಮತವನ್ನಾಗಲಿ ಕೇಳಲಿಲ್ಲ. ಹಾಗೆಂದು ಅವರ ಕಾಲ ಬದಲಾಗಿತ್ತೆಂದು ತಿಳಿಯಬೇಡಿ. ಅವರು ಸೇರಿದ್ದ ಗೋವೆಯ ಒರೆಟೋರಿಯನ್ ಸಮುದಾಯವೇ ಬ್ರಾಹ್ಮಣ ಮೂಲದ ಗುರುಗಳದ್ದಾಗಿತ್ತು. ಸಂತರೂ ತಮ್ಮ ಕಾಲದ ಗೋಡೆಗಳೊಳಗೇ ಹುಟ್ಟುತ್ತಾರೆ. ಆದರೆ ಕ್ರಿಸ್ತಪ್ರೀತಿ ಅವರನ್ನು ಆ ಗೋಡೆಯಾಚೆ ಕರೆದೊಯ್ಯುತ್ತದೆ. 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ವಾಜ್ ಅವರನ್ನು ಸಂತರೆಂದು ಸಾರಿದರು.

ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿರಿ. ತಮ್ಮ ಜನಾಂಗ, ಕುಲ, ಪಂಥ, ಶಾಸ್ತ್ರನಿಷ್ಠೆ ಎಲ್ಲವನ್ನೂ ಅವರು ಒಂದೊಂದಾಗಿ ಎಣಿಸುತ್ತಾರೆ. ಎಣಿಸಿ, ಕ್ರಿಸ್ತರನ್ನು ಅರಿತ ಮೇಲೆ ಇವೆಲ್ಲ ಕಸಕ್ಕೆ ಸಮಾನವೆಂದು ಬದಿಗೆ ಸರಿಸುತ್ತಾರೆ. ಅದೇ ಪೌಲರು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸಿಲ್ಲ ದಂಪತಿಗಳ ಮನೆಯಲ್ಲಿದ್ದು, ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದರೆಂದು ಪ್ರೇಷಿತರ ಕಾರ್ಯಕಲಾಪಗಳ ಹದಿನೆಂಟನೆಯ ಅಧ್ಯಾಯ ತಿಳಿಸುತ್ತದೆ. ಮಗ್ಗದ ಸದ್ದು ಕೇಳುತ್ತಲೇ ಬೆಳೆಯುವ ರಬಕವಿ-ಬನಹಟ್ಟಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶುಭಸಂದೇಶ ಸಾರಿದ ಕೈ ನೂಲು, ಬಟ್ಟೆ, ಸೂಜಿಗಳ ನಡುವೆ ದುಡಿದ ಕೈ.

ಈ ಪಾಠವನ್ನು ನಮ್ಮ ನೆಲದ ಕವಿಯೊಬ್ಬನಿಂದಲೂ ಕಲಿಯಬಹುದು. ಮುಧೋಳದ ರನ್ನ ಹುಟ್ಟಿದ್ದು ಬಳೆಗಾರರ ಮನೆಯಲ್ಲಿ. ಅರಸನಿಂದ ಕವಿಚಕ್ರವರ್ತಿ ಎನಿಸಿಕೊಂಡ ಮೇಲೂ, 993ರಲ್ಲಿ ಮುಗಿಸಿದ ‘ಅಜಿತಪುರಾಣ’ದಲ್ಲಿ ಆತ ತನ್ನ ಬಳೆಗಾರ ಕುಲವನ್ನು ಮುಚ್ಚಿಡಲಿಲ್ಲ. ಹಿರಿದೆನಿಸಿದ ಕುಲವನ್ನು ಮೆರೆಸುವುದು ಸುಲಭ. ಕಿರಿದೆಂದು ಜನ ಬಗೆದ ಕುಲವನ್ನು ನಾಚದೆ ಹೇಳಿಕೊಳ್ಳುವುದಕ್ಕೆ ಎದೆಗಾರಿಕೆ ಬೇಕು.

ವಾಚಕರೇ, ನಮ್ಮನ್ನು ನಾವೇ ಕೇಳಿಕೊಳ್ಳೋಣ. ಬಲಿಪೂಜೆಯಲ್ಲಿ ಒಂದೇ ರೊಟ್ಟಿಯನ್ನು ಸ್ವೀಕರಿಸಿದ ನಾವು, ಹೊರಗೆ ಬಂದ ಮೇಲೆ ಯಾರ ಮನೆಯಲ್ಲಿ ನೀರು ಕುಡಿಯುತ್ತೇವೆ, ಯಾರ ಮನೆಯಲ್ಲಿ ಕುಡಿಯುವುದಿಲ್ಲ? ಮಕ್ಕಳ ಮದುವೆಯ ಮಾತು ಬಂದಾಗ ಮೊದಲು ವಿಚಾರಿಸುವುದು ವಿಶ್ವಾಸವನ್ನೋ, ಅಜ್ಜನ ಕುಲವನ್ನೋ? ಕಬ್ಬು ಕಡಿಯಲು, ಕಟ್ಟಡ ಕಟ್ಟಲು ಊರಿಗೆ ಬಂದ ಬಡ ವಿಶ್ವಾಸಿಯೊಬ್ಬ ದೇವಾಲಯದ ಹಿಂದಿನ ಸಾಲಿನಲ್ಲಿ ನಿಂತಿದ್ದರೆ, ಅವನ ಹೆಸರು ನಮಗೆ ಗೊತ್ತೇ? ಕೆಲವೇ ಕುಟುಂಬಗಳಿರುವ ಧರ್ಮಕೇಂದ್ರದಲ್ಲಿ ಒಂದು ಮನೆ ಹೊರಗುಳಿದರೂ ಅದು ದೊಡ್ಡ ನಷ್ಟ.

ಮಾತ್ತೆಯೋ ದೆ ಕಾಸ್ತ್ರೊ ಅವರನ್ನು ನಾವು ಗೌರವದಿಂದ ನೆನೆಯೋಣ. ಅವರು ಪಟ್ಟ ನೋವನ್ನು ಮರೆಯದಿರೋಣ. ಜನವರಿ 16ರಂದು ಸಂತ ಜೋಸೆಫ್ ವಾಜರ ಹಬ್ಬ ಬರುತ್ತದೆ. ಅಂದು ಸಂಜೆ ಮನೆಯವರೆಲ್ಲ ಕುಳಿತು ಜಪಸರ ಮುಗಿಸಿದ ಬಳಿಕ, ಇದುವರೆಗೆ ನಮ್ಮ ಹೊಸಿಲು ದಾಟದ ಒಂದು ಕುಟುಂಬದ ಹೆಸರು ಹೇಳಿ, ಅವರನ್ನು ಊಟಕ್ಕೆ ಕರೆಯುವ ದಿನವನ್ನು ಗೊತ್ತುಮಾಡೋಣ.